ಕೊಕ್ಕೆ ಮೇಸ್ತ್ರಿಯ ಕಿವಿ

ಆ ಶೆಡ್ಡಿನಲ್ಲಿ ಮೇಸ್ತ್ರಿಗೆ ಎರಡು ಹೆಸರಿದ್ದವು. ಎದುರಿಗೆ ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು, ಬೆನ್ನು ತಿರುಗಿಸಿದರೆ ಕೊಕ್ಕೆ. ಎರಡನೆಯ ಹೆಸರಿಗೆ ಕಾರಣವೂ ಎರಡು. ಒಂದು, ಅವರ ಕೆಲಸವೇ ಕೊಕ್ಕೆಗಳದ್ದು. ಆಳೆತ್ತರದ ನೀರಿನ ಪಂಪುಗಳನ್ನು ಬಿಚ್ಚಿ ರಿಪೇರಿ ಮಾಡುವ ಆ ಶೆಡ್ಡಿನಲ್ಲಿ ಭಾರ ಎತ್ತುವ ಲಿವರ್ ಹಾಯ್ಸ್ಟುಗಳೆಲ್ಲ ಅವರ ಸುಪರ್ದಿಯಲ್ಲಿದ್ದವು. ಇನ್ನೊಂದು, ಯಾರು ಏನು ಕೇಳಿಕೊಂಡು ಹೋದರೂ ಅದಕ್ಕೊಂದು ಕೊಕ್ಕೆ ತೆಗೆಯದೆ ಅವರು ಕೊಟ್ಟವರಲ್ಲ.

ಲಿವರ್ ಹಾಯ್ಸ್ಟ್ ಅಂದರೆ ದೊಡ್ಡ ಯಂತ್ರವೇನಲ್ಲ. ಒಂದು ಕೈಯಲ್ಲಿ ಹಿಡಿದು ನಡೆಯಬಹುದಾದ ಕಬ್ಬಿಣದ ಡಬ್ಬಿ. ಮೇಲೊಂದು ಕೊಕ್ಕೆ, ಕೆಳಗೆ ಸರಪಳಿಯ ತುದಿಗೆ ಇನ್ನೊಂದು ಕೊಕ್ಕೆ, ಪಕ್ಕದಲ್ಲಿ ಮೊಳದುದ್ದದ ಹಿಡಿ. ಮೇಲಿನದನ್ನು ತೊಲೆಗೆ ಸಿಕ್ಕಿಸಿ, ಕೆಳಗಿನದನ್ನು ಭಾರಕ್ಕೆ ಸಿಕ್ಕಿಸಿ, ಹಿಡಿಯನ್ನು ಹಿಂದೆ ಮುಂದೆ ಆಡಿಸುತ್ತಾ ಹೋದರೆ ಒಬ್ಬನೇ ಮನುಷ್ಯ ಒಂದು ಟನ್ನು ಎತ್ತಿಬಿಡಬಹುದು. ಎತ್ತಿದ್ದು ಬೀಳದಂತೆ ಕಾಯುವುದು ಒಳಗಿನ ಬ್ರೇಕು, ಮತ್ತು ಹಲ್ಲುಚಕ್ರಕ್ಕೆ ಅಡ್ಡ ಬೀಳುವ ಎರಡು ಪುಟ್ಟ ತಡೆಗಳು. ಅವು ಹೆಬ್ಬೆರಳಿನ ಉಗುರಿಗಿಂತ ದೊಡ್ಡವಲ್ಲ. ಹಿಡಿ ಆಡಿಸಿದಾಗ ಅವು ಹಲ್ಲಿನಿಂದ ಹಲ್ಲಿಗೆ ಬೀಳುತ್ತಾ ಟಿಕ್-ಟಕ್, ಟಿಕ್-ಟಕ್ ಎನ್ನುತ್ತವೆ. ಟಿಕ್ ಒಂದು ತಡೆಯದು, ಟಕ್ ಇನ್ನೊಂದರದು. ಎರಡೂ ಕೇಳಿದರೆ ಭಾರ ನಿಲ್ಲುತ್ತದೆ ಎಂದು ನಂಬಬಹುದು.

ಮೇಸ್ತ್ರಿಯ ಕೋಣೆಗೆ ನಾಲ್ಕು ಕಡೆಯೂ ತಂತಿ ಜಾಲರಿ. ಒಳಗೆ ಅಡ್ಡ ಹಾಕಿದ ಪೈಪಿಗೆ ಇಪ್ಪತ್ತಮೂರು ಹಾಯ್ಸ್ಟುಗಳು ನೇತಾಡುತ್ತಿದ್ದವು, ಒಂದೊಂದಕ್ಕೂ ಬಿಳಿ ಬಣ್ಣದ ನಂಬರು. ತಿಂಗಳಿಗೊಮ್ಮೆ ಅವರು ಒಂದೊಂದನ್ನೂ ಇಳಿಸಿ, ಸರಪಳಿಯನ್ನು ಒರೆಸಿ, ಕೊಂಡಿ ಕೊಂಡಿಯನ್ನೂ ಬೆರಳಲ್ಲಿ ತಿರುಗಿಸಿ ನೋಡಿ, ಕೊಕ್ಕೆಯ ಬಾಯಿ ಎಷ್ಟು ಅಗಲವಾಗಿದೆ ಎಂದು ಅಳೆದು, ಕೊನೆಗೆ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಹಿಡಿ ಆಡಿಸುತ್ತಿದ್ದರು. ಕಣ್ಣು ಮುಚ್ಚಿ ಟಿಕ್-ಟಕ್ ಕೇಳುವಾಗ ಅವರ ಮುಖ ನೋಡಬೇಕಿತ್ತು, ಸಂಗೀತ ಕಚೇರಿಯ ಮುಂದಿನ ಸಾಲಿನಲ್ಲಿ ಕೂತವರೂ ಅಷ್ಟು ತಲ್ಲೀನರಾಗಿರುವುದಿಲ್ಲ. ಸರಿಯಿದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು. ಕೆಂಪು ಚೀಟಿ ಕಟ್ಟಿದ್ದನ್ನು ಮ್ಯಾನೇಜರೇ ಬಂದು ಕೇಳಿದರೂ ಕೊಡುತ್ತಿರಲಿಲ್ಲ.

ಮಗಳನ್ನು ಅವರು ಅದೇ ಶೆಡ್ಡಿನ ಫಿಟ್ಟರಿಗೆ ಕೊಟ್ಟಿದ್ದರು. ಗೇಟಿನ ಒಳಗೆ ಮೇಸ್ತ್ರಿ, ಹೊರಗೆ ಮಾವ ಎಂದು ಅಳಿಯನೇ ಒಂದು ಗೆರೆ ಎಳೆದುಕೊಂಡಿದ್ದ, ಅದನ್ನು ಒಮ್ಮೆಯೂ ದಾಟಿರಲಿಲ್ಲ. ಮದುವೆಯಾದ ಎರಡನೆಯ ತಿಂಗಳಲ್ಲೇ ಅವನು ಹಾಯ್ಸ್ಟಿನ ಹಿಡಿಗೆ ಉದ್ದನೆಯ ಪೈಪು ತೂರಿಸಿ ಜಗ್ಗುತ್ತಿದ್ದಾಗ ಸಿಕ್ಕಿಬಿದ್ದ. ಹಿಡಿ ಕೈಗೆ ಬಗ್ಗುತ್ತಿಲ್ಲವೆಂದರೆ ಭಾರ ಹೆಚ್ಚಾಗಿದೆ ಎಂದು ಹಾಯ್ಸ್ಟು ಹೇಳುತ್ತಿದೆ ಎಂದರ್ಥ, ಪೈಪು ಹಾಕುವುದೆಂದರೆ ಅದರ ಬಾಯಿ ಮುಚ್ಚಿಸುವುದು ಎಂದು ಮೇಸ್ತ್ರಿ ಎಲ್ಲರೆದುರು ಅವನ ಕಿವಿ ಹಿಂಡಿ, ಎರಡು ದಿನ ಯಾವ ಹಾಯ್ಸ್ಟನ್ನೂ ಮುಟ್ಟಗೊಡಲಿಲ್ಲ. ಮಗಳು ಒಂದು ವಾರ ಅಪ್ಪನ ಜೊತೆ ಮಾತು ಬಿಟ್ಟಳು. ಅಳಿಯನೂ ಹೊಟ್ಟೆಗೆ ಹಾಕಿಕೊಂಡ ಹಾಗೆ ಕಾಣಲಿಲ್ಲ.

ಇಷ್ಟೆಲ್ಲ ನಿಯಮ ಪಾಲಿಸುವ ಮೇಸ್ತ್ರಿ ಒಂದೇ ಒಂದು ನಿಯಮಕ್ಕೆ ಕೊಕ್ಕೆ ಹಾಕಿದ್ದರು. ಅವರ ಕೋಣೆಯ ಪಕ್ಕದಲ್ಲೇ ಕಬ್ಬಿಣ ಉಜ್ಜುವ ಗ್ರೈಂಡರುಗಳಿದ್ದವು. ಅಲ್ಲಿ ಓಡಾಡುವವರೆಲ್ಲ ಕಿವಿಗೆ ರಬ್ಬರಿನ ಬಿರಡೆ ತುರುಕಿಕೊಳ್ಳಬೇಕು ಎಂದು ಗೋಡೆಯ ಮೇಲೆ ಬರೆದಿತ್ತು. ಮೇಸ್ತ್ರಿ ಮೂವತ್ತೊಂದು ವರ್ಷ ಅದನ್ನು ತುರುಕಿಕೊಳ್ಳಲಿಲ್ಲ. ಬೇರೆಯವರಿಗೆ ಕಿವಿ ಬೇಡದಿದ್ದರೆ ಮುಚ್ಚಿಕೊಳ್ಳಲಿ, ನನ್ನ ಕಿವಿ ಕಂಪನಿಯ ಅಳತೆಗೋಲು, ಅದಕ್ಕೆ ಬಿರಡೆ ಹಾಕಿದರೆ ಇಪ್ಪತ್ತಮೂರು ಹಾಯ್ಸ್ಟಿಗೆ ಯಾರು ಜವಾಬ್ದಾರಿ ಎಂದು ಕೇಳುತ್ತಿದ್ದರು. ಉತ್ತರ ಯಾರ ಹತ್ತಿರವೂ ಇರಲಿಲ್ಲ. ಗ್ರೈಂಡರುಗಳು ಮಾತ್ರ ದಿನಕ್ಕೆ ಎಂಟು ಗಂಟೆ ತಮ್ಮ ಉತ್ತರವನ್ನು ಕಿರುಚಿ ಹೇಳುತ್ತಲೇ ಇದ್ದವು.

ಎರಡು ವರ್ಷದ ಹಿಂದೆ ಹಾಯ್ಸ್ಟುಗಳ ಸದ್ದು ಮಂಕಾಗತೊಡಗಿತು. ಮೇಸ್ತ್ರಿಗೆ ಕಾರಣ ಹೊಳೆಯಲು ಹೊತ್ತು ಹಿಡಿಯಲಿಲ್ಲ: ಗ್ರೀಸು. ಸ್ಟೋರಿನವರು ಆ ವರ್ಷ ಹೊಸ ಗ್ರೀಸು ತರಿಸಿದ್ದರು. ಗ್ರೀಸು ಗಟ್ಟಿಯಾದರೆ ತಡೆಗಳು ಅಂಟಿಕೊಂಡು ಸದ್ದು ಸಾಯುವುದು ನಿಜ, ಯಾವ ಕೈಪಿಡಿಯಲ್ಲಿ ಬೇಕಾದರೂ ಹಾಗೆಂದು ಬರೆದಿರುತ್ತದೆ. ಅವರು ಸ್ಟೋರ್ ಕೀಪರನಿಗೆ ಪತ್ರ ಬರೆದರು. ಗ್ರೀಸು ಬದಲಾಯಿತು, ಸದ್ದು ಬದಲಾಗಲಿಲ್ಲ. ಇನ್ನೊಂದು ಪತ್ರ, ಇನ್ನೊಂದು ಗ್ರೀಸು. ಮೂರನೆಯ ಪತ್ರಕ್ಕೆ ಸ್ಟೋರ್ ಕೀಪರ್ ಖುದ್ದಾಗಿ ಬಂದು, ಮೇಸ್ತ್ರಿ ಹೇಳಿದ ಗ್ರೀಸನ್ನು ಮೇಸ್ತ್ರಿಯೇ ಹೋಗಿ ಭೂಮಿಯಿಂದ ಅಗೆದು ತರುವುದು ವಾಸಿ ಎಂದು ಹೇಳಿ ಹೋದ.

ಗ್ರೀಸು ದಾರಿಗೆ ಬರದಿದ್ದಾಗ ಮೇಸ್ತ್ರಿ ನಿಯಮಕ್ಕೆ ಕೈ ಹಾಕಿದರು. ಸದ್ದಿಲ್ಲದ ಹಾಯ್ಸ್ಟಿಗೆ ಕೆಂಪು ಚೀಟಿ. ಒಂದೇ ತಿಂಗಳಲ್ಲಿ ಏಳು ಹಾಯ್ಸ್ಟುಗಳು ಕೆಂಪು ಚೀಟಿ ಕಟ್ಟಿಸಿಕೊಂಡು ಮಾರಿದವರ ರಿಪೇರಿ ಅಂಗಡಿಗೆ ಹೋದವು. ಶೆಡ್ಡಿನಲ್ಲಿ ಕೆಲಸ ನಿಂತು, ಫಿಟ್ಟರುಗಳು ಮೇಸ್ತ್ರಿಯ ವಂಶವನ್ನೆಲ್ಲ ನೆನೆದರು. ಹದಿನೈದು ದಿನಕ್ಕೆ ಏಳೂ ವಾಪಸು ಬಂದವು. ಏಳರ ಜೊತೆಯ ಕಾಗದದಲ್ಲೂ ಒಂದೇ ಮಾತು: ದೋಷವಿಲ್ಲ.

ರಿಪೇರಿ ಅಂಗಡಿಯವರು ಕಿವಿ ಮೇಲೆ ಹೂ ಇಡುತ್ತಿದ್ದಾರೆ ಎಂದುಕೊಂಡು ಮೇಸ್ತ್ರಿ ಅವುಗಳಲ್ಲಿ ಒಂದನ್ನು ಬೆಂಚಿನ ಮೇಲಿಟ್ಟು ಮುಚ್ಚಳ ಬಿಚ್ಚಿದರು. ಬಗ್ಗಿ ನೋಡುತ್ತಾ ಹಿಡಿ ಆಡಿಸಿದರು. ಎರಡು ತಡೆಗಳೂ ಅವರ ಕಣ್ಣೆದುರಿಗೇ ಎದ್ದು ಬೀಳುತ್ತಿದ್ದವು, ಚುರುಕಾಗಿ, ಒಂದರ ಹಿಂದೊಂದು. ಸದ್ದು ಮಾತ್ರ ಇಲ್ಲ. ಗಾಜಿನ ಕಿಟಕಿಯ ಆಚೆ ಇಬ್ಬರು ಮಾತಾಡುತ್ತಿರುವುದನ್ನು ನೋಡಿದ ಹಾಗಿತ್ತು. ಮೇಸ್ತ್ರಿ ಸ್ಪ್ಯಾನರ್ ತೆಗೆದು ಬೆಂಚಿಗೆ ಕುಟ್ಟಿದರು, ಅದು ಕೇಳಿಸಿತು. ಮತ್ತೆ ಹಿಡಿ ಆಡಿಸಿದರು. ತಡೆಗಳು ಎದ್ದವು, ಬಿದ್ದವು. ಅವರು ಮುಚ್ಚಳ ಮುಚ್ಚಿದರು.

ದಪ್ಪ ಸದ್ದುಗಳು, ಎದುರಿಗೆ ನಿಂತವರ ಮಾತು, ಇಷ್ಟಕ್ಕೆ ಅಡ್ಡಿಯಿರಲಿಲ್ಲ. ಸಣ್ಣ ಸದ್ದುಗಳು, ಬೆನ್ನ ಹಿಂದಿನ ಮಾತುಗಳು ಹೋಗಿದ್ದವು. ಇದು ಹೆಂಡತಿಗೆ ಯಾವತ್ತೋ ಗೊತ್ತಿತ್ತು. ಅಡುಗೆಮನೆಯಿಂದಲೇ ಕೂಗಿ ಸೋಪು ತನ್ನಿ ಎಂದರೆ ಸೂಪು ಯಾಕೆ, ಜ್ವರ ಬಂದಿದೆಯಾ ಎಂದು ಕೇಳುವ ಗಂಡನ ಜೊತೆ ಆಕೆ ಒಂದು ವರ್ಷದಿಂದ ಏಗುತ್ತಿದ್ದಳು. ಕಿವಿ ಡಾಕ್ಟರ ಹತ್ತಿರ ಹೋಗೋಣ ಎಂದಾಗಲೆಲ್ಲ ಮೇಸ್ತ್ರಿ ಒಂದೊಂದು ಕೊಕ್ಕೆ ತೆಗೆಯುತ್ತಿದ್ದರು. ಕಿವಿಗೆ ಮೆಷಿನ್ನು ಹಾಕಿಕೊಂಡರೆ ಅದರ ಬ್ಯಾಟರಿ ಸಾಯುತ್ತದೆ, ಬ್ಯಾಟರಿ ಸಾಯದಿದ್ದರೆ ತಂತಿ ತುಂಡಾಗುತ್ತದೆ. ಆಕೆ ಒಂದು ದಿನ ಅವರ ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡು ಹೇಳಿದಳು:

"ಊರಿನ ಕೊಕ್ಕೆ ಎಲ್ಲಾ ಅಳೀತೀರಲ್ಲ, ನಿಮ್ಮ ಕಿವಿಗೆ ಕೆಂಪು ಚೀಟಿ ಯಾರು ಕಟ್ಟಬೇಕು?"

ಅದು ಸರಿಯಾಗಿಯೇ ಕೇಳಿಸಿತು. ಆದರೂ ಮೇಸ್ತ್ರಿ ಕಿವಿಗೆ ಹಾಕಿಕೊಳ್ಳಲಿಲ್ಲ. ಕಂಪನಿಗೆ ಗೊತ್ತಾದರೆ ಕೋಣೆಯ ಕೀಲಿ ಕೈಬಿಟ್ಟು ಹೋಗುತ್ತದೆ, ನಿವೃತ್ತಿಗೆ ಉಳಿದ ಮೂರು ವರ್ಷವೂ ಗೇಟಿನ ಪಕ್ಕ ಕುರ್ಚಿ ಹಾಕಿಕೊಂಡು ಬರುವ ಹೋಗುವ ಗಾಡಿಗಳ ನಂಬರು ಬರೆಯುತ್ತಾ ಕೂರಬೇಕು. ಗೊತ್ತಾಗದಿದ್ದರೆ ಎಂದಾದರೊಂದು ದಿನ ಯಾರದೋ ಕೈ ಮೇಲೆ ಒಂದು ಪಂಪು ಬೀಳಬೇಕು. ಎರಡನೆಯದು ಆಗುವುದೇ ಇಲ್ಲ ಎಂದು ಅವರು ತಮ್ಮನ್ನು ತಾವೇ ನಂಬಿಸಿಕೊಂಡರು. ಏಳಕ್ಕೆ ಏಳೂ ಚೆನ್ನಾಗಿಯೇ ಇದ್ದವಲ್ಲ, ಮಿಕ್ಕವೂ ಹಾಗೇ ಇರುತ್ತವೆ ಎಂದುಕೊಂಡರು. ಮನುಷ್ಯನಿಗೆ ಬೇಕೆನಿಸಿದಾಗ ಲೆಕ್ಕ ಎಷ್ಟು ಸುಲಭವಾಗಿ ಕೂಡಿಬರುತ್ತದೆ.

ಅಲ್ಲಿಂದ ಎಲ್ಲದಕ್ಕೂ ಹಸಿರು. ಕೊಂಡಿ ನೋಡುತ್ತಿದ್ದರು, ಕೊಕ್ಕೆಯ ಬಾಯಿ ಅಳೆಯುತ್ತಿದ್ದರು. ಕಿವಿಯ ಹತ್ತಿರ ಹಿಡಿದು ಕಣ್ಣು ಮುಚ್ಚುವುದನ್ನೂ ಬಿಡಲಿಲ್ಲ, ಹಳೆಯ ನೆನಪನ್ನೇ ಕೇಳಿಸಿಕೊಂಡು ತಲೆದೂಗುತ್ತಿದ್ದರು. ಕದ್ದು ಹಸಿರು ಚೀಟಿ ಕಟ್ಟುವವನಿಗೆ ಬೇರೆ ವಿಷಯದಲ್ಲಿ ಕೊಕ್ಕೆ ತೆಗೆಯಲು ಬಾಯಿ ಬರುವುದಿಲ್ಲ, ಹೀಗಾಗಿ ಅರ್ಧ ಮಿಲಿಮೀಟರಿನ ತಕರಾರುಗಳೂ ನಿಂತವು. ಶೆಡ್ಡಿಗೆ ಶೆಡ್ಡೇ ಬೆರಗಾಯಿತು. ಮೇಸ್ತ್ರಿ ಎಷ್ಟು ಬದಲಾದರು, ದೇವರಂಥ ಮನುಷ್ಯ ಎಂದು ಎದುರಿಗೇ ಹೇಳತೊಡಗಿದರು. ಸ್ಟೋರ್ ಕೀಪರ್ ತಾನಾಗಿ ಟೀ ತಂದುಕೊಟ್ಟ. ಭಾನುವಾರ ಮನೆಗೆ ಊಟಕ್ಕೆ ಬಂದ ಅಳಿಯ, ಎಷ್ಟೋ ದಿನದ ಮೇಲೆ, ಮಾವನ ತಟ್ಟೆಗೆ ತಾನೇ ಬಡಿಸಿದ. ಕೊಕ್ಕೆ ಎಂಬ ಹೆಸರು ಆರು ತಿಂಗಳಿಂದ ಕಿವಿಗೆ ಬಿದ್ದಿಲ್ಲ ಎಂದು ಮೇಸ್ತ್ರಿ ಒಳಗೊಳಗೇ ಖುಷಿಪಟ್ಟರು. ಯಾಕೆ ಬಿದ್ದಿಲ್ಲ ಎಂದು ಯೋಚಿಸಲು ಹೋಗಲಿಲ್ಲ.

ವರ್ಷದ ಕೊನೆಗೆ ಮ್ಯಾನೇಜರು ಎಲ್ಲರನ್ನೂ ಸೇರಿಸಿ ಅವರಿಗೊಂದು ಪ್ರಶಸ್ತಿ ಪತ್ರ ಕೊಟ್ಟರು. "ಅತ್ಯುತ್ತಮ ಸಹಕಾರಕ್ಕಾಗಿ" ಎಂದು ಅದರಲ್ಲಿ ಚಿನ್ನದ ಬಣ್ಣದಲ್ಲಿತ್ತು. ಮೂವತ್ತೊಂದು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಾಗ ಒಂದು ಚೂರು ಕಾಗದವೂ ಬಂದಿರಲಿಲ್ಲ. ಹೆಂಡತಿ ಅದನ್ನು ಓದಿ, ಗೋಡೆಗೆ ಮೊಳೆ ಹೊಡೆದು ತೂಗುಹಾಕಿದಳು.

ಅದಾದ ಮೂರನೆಯ ವಾರ, ಬೆಳಿಗ್ಗೆ ಕೆಲಸ ಶುರುವಾದ ಮೇಲೆ, ಅಳಿಯ ಹನ್ನೊಂದನೇ ನಂಬರಿನ ಹಾಯ್ಸ್ಟನ್ನು ಹಿಡಿದುಕೊಂಡು ಜಾಲರಿಯ ಬಾಗಿಲಿಗೆ ಬಂದ. ಇದರ ಸದ್ದು ಯಾಕೋ ಸರಿಯಿಲ್ಲ, ಒಂದು ಏಟು ಕಮ್ಮಿ ಕೇಳಿಸುತ್ತಿದೆ, ಒಮ್ಮೆ ನೋಡಿ ಎಂದ. ಮೇಸ್ತ್ರಿ ಹಾಯ್ಸ್ಟು ತೆಗೆದುಕೊಂಡರು, ಕಿವಿಯ ಹತ್ತಿರ ಹಿಡಿದರು, ಕಣ್ಣು ಮುಚ್ಚಿದರು. ಹಿಡಿ ಆಡಿಸಿದರು. ಅವರೊಳಗೆ ಪೂರ್ತಿ ಮೌನವಿತ್ತು. ಕಣ್ಣು ಬಿಟ್ಟಾಗ ಅಳಿಯ ಅವರ ಬಾಯಿಯನ್ನೇ ನೋಡುತ್ತಿದ್ದ.

"ಸರಿ ಇದೆ," ಎಂದರು ಮೇಸ್ತ್ರಿ.

"ನನಗೆ ಒಂದೇ ಕೇಳಿಸ್ತು."

"ಗ್ರೈಂಡರ್ ಸದ್ದಲ್ಲಿ ನಿಂಗೇನು ಕೇಳುತ್ತೆ? ಸರಿ ಇದೆ ಅಂದ್ನಲ್ಲ."

ಅಳಿಯ ಹಾಯ್ಸ್ಟು ವಾಪಸು ತೆಗೆದುಕೊಂಡು, "ನೀವು ಹೇಳಿದ ಮೇಲೆ ಮುಗೀತು ಬಿಡಿ ಮೇಸ್ತ್ರಿ," ಎಂದು ಹೊರಟುಹೋದ. ಆ ಮಾತಿನಲ್ಲಿ ವ್ಯಂಗ್ಯ ಇದ್ದಿದ್ದರೆ ಮೇಸ್ತ್ರಿಗೆ ಸಮಾಧಾನವಾಗುತ್ತಿತ್ತು. ಇರಲಿಲ್ಲ. ಎಲ್ಲರೆದುರು ಬೈಸಿಕೊಂಡ ಅಳಿಯ, ವರ್ಷಗಟ್ಟಲೆ ಮುನಿಸು ಹೊತ್ತುಕೊಂಡು ಓಡಾಡಿದ ಅಳಿಯ, ಅವರ ಕಿವಿಯನ್ನು ಮಾತ್ರ ಕಣ್ಣು ಮುಚ್ಚಿ ನಂಬಿದ್ದ.

ಮೇಸ್ತ್ರಿಗೆ ಕೂತಲ್ಲಿ ಕೂರಲಾಗಲಿಲ್ಲ. ಒಂಬತ್ತನೇ ನಂಬರನ್ನು ಇಳಿಸಿ ಸುಮ್ಮನೆ ಮಡಿಲಲ್ಲಿ ಇಟ್ಟುಕೊಂಡರು. ಎಡಗೈ ಡಬ್ಬಿಯ ಮೇಲಿತ್ತು, ಬಲಗೈ ತನ್ನಷ್ಟಕ್ಕೆ ಹಿಡಿ ಆಡಿಸಿತು. ಹೆಬ್ಬೆರಳಿಗೆ ಏನೋ ಮೆಲ್ಲಗೆ ತಟ್ಟಿದ ಹಾಗಾಯಿತು. ಇನ್ನೊಮ್ಮೆ ಆಡಿಸಿದರು. ಒಂದು ತಟ್ಟು, ಅದರ ಬೆನ್ನಿಗೇ ಇನ್ನೊಂದು. ಮತ್ತೆ ಎರಡು, ಮತ್ತೆ ಎರಡು. ಒಳಗಿನಿಂದ ಯಾರೋ ಬಾಗಿಲು ಬಡಿಯುತ್ತಿದ್ದಂತಿತ್ತು. ಹತ್ತನೇ ನಂಬರು ಇಳಿಸಿದರು. ಎರಡು. ಹನ್ನೆರಡು ಇಳಿಸಿದರು. ಎರಡು. ನಡುವೆ ಹನ್ನೊಂದರ ಜಾಗ ಖಾಲಿಯಿತ್ತು.

ಒಂಬತ್ತನ್ನು ಕೈಯಲ್ಲಿ ಹಿಡಿದುಕೊಂಡೇ ಅವರು ಹೊರಗೆ ಬಂದರು. ಶೆಡ್ಡಿನಲ್ಲಿ ಓಡಬಾರದು ಎಂಬುದು ಅವರೇ ಬರೆಸಿದ ನಿಯಮ, ಆವತ್ತು ಅದನ್ನು ಮುರಿದರು. ಮೂರನೇ ಕಟ್ಟೆಯ ಹತ್ತಿರ ಪಂಪಿನ ಶಾಫ್ಟು ನೆಟ್ಟಗೆ ನೇತಾಡುತ್ತಿತ್ತು, ಎಂಟುನೂರು ಕಿಲೋ. ಕೆಳಗೆ ಅಳಿಯ ಮಂಡಿಯೂರಿ ಕೂತು, ಅದನ್ನು ಗೂಡಿಗೆ ಸರಿಯಾಗಿ ಕೂರಿಸಲು ಎರಡೂ ಕೈಯಲ್ಲಿ ತುದಿ ಹಿಡಿದಿದ್ದ. ಅವನ ಜೊತೆಗಾರ ಸ್ಟೂಲಿನ ಮೇಲೆ ನಿಂತು ಹನ್ನೊಂದರ ಹಿಡಿ ಆಡಿಸುತ್ತಿದ್ದ. ಮೇಸ್ತ್ರಿ ಪಕ್ಕದ ಸ್ಟೂಲು ಹತ್ತಿ ಡಬ್ಬಿಯ ಮೇಲೆ ಹೆಬ್ಬೆರಳಿಟ್ಟರು. ಒಂದು ತಟ್ಟು. ಕಾದರು. ಮತ್ತೆ ಒಂದೇ.

"ಹಿಡಿ ಬಿಡು," ಎಂದು ಜೊತೆಗಾರನಿಗೆ ಹೇಳಿದರು. ಕೆಳಗೆ ನೋಡಿ, "ಕೈ ತೆಗಿ. ಹೊರಗೆ ಬಾ," ಎಂದರು.

ಅಳಿಯ ಕೈ ತೆಗೆದು ಎದ್ದು ಬಂದ, ಆದರೆ ಮುಖ ಕೆಂಪಾಗಿತ್ತು. ಹಸಿರು ಚೀಟಿಯಿದೆ, ಒಂದು ಗಂಟೆಯ ಹಿಂದೆ ತೋರಿಸಿಕೊಂಡೂ ಬಂದಿದ್ದೇನೆ, ಈಗ ಮತ್ತೆ ಏನು ಕೊಕ್ಕೆ ಎಂದು ಕೇಳಿದ. ಅಷ್ಟರಲ್ಲಿ ಮ್ಯಾನೇಜರೂ, ಗ್ರೀಸಿನ ಡಬ್ಬ ಹಿಡಿದ ಸ್ಟೋರ್ ಕೀಪರನೂ ಅಲ್ಲಿಗೆ ಬಂದಿದ್ದರು. ಮೇಸ್ತ್ರಿ ಮೊದಲು ಒಂಬತ್ತನ್ನು ಪಕ್ಕದಲ್ಲಿ ಸಿಕ್ಕಿಸಿ ಭಾರವನ್ನು ಅದಕ್ಕೆ ವರ್ಗಾಯಿಸಿ, ಶಾಫ್ಟನ್ನು ಮರದ ದಿಮ್ಮಿಗಳ ಮೇಲೆ ಇಳಿಸಿದರು. ಆಮೇಲೆ ಸ್ಟೂಲಿನಿಂದ ಇಳಿದು ಹೇಳಿದರು:

"ಆ ಚೀಟಿ ಕಟ್ಟಿದೋನಿಗೆ ಕಿವಿ ಕೇಳಲ್ಲ."

ಸ್ಟೋರ್ ಕೀಪರ್ ನಕ್ಕ. ಬೇರೆ ಯಾರೂ ನಗಲಿಲ್ಲ.

"ಯಾವಾಗಿಂದ?" ಎಂದ ಅಳಿಯ.

"ಎರಡು ವರ್ಷ ಆಯ್ತು."

ಅಳಿಯ ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ, ಗ್ರೀಸು ಮೆತ್ತಿದ ಎರಡು ಅಂಗೈಗಳು. ತಲೆ ಎತ್ತಿದಾಗ ಸಿಟ್ಟು ಇರಲಿಲ್ಲ, ಅದಕ್ಕಿಂತ ಕೆಟ್ಟದ್ದೇನೋ ಇತ್ತು.

"ಬೆಳಿಗ್ಗೆ ನಾನು ಕೇಳಿದ್ನಲ್ಲ, ಮಾವ."

ಗೇಟಿನ ಒಳಗೆ ಅವನು ಮಾವ ಎಂದಿದ್ದು ಅದೇ ಮೊದಲು. ಮೇಸ್ತ್ರಿಗೆ ನಾಚಿಕೆಯಾಯಿತು. ಜೀವನದಲ್ಲಿ ಅಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ. ಅವರು ತಲೆ ತಗ್ಗಿಸಿಕೊಂಡು ಹನ್ನೊಂದನ್ನು ಹೊತ್ತು ಬೆಂಚಿಗೆ ನಡೆದರು, ಎಲ್ಲರೂ ಹಿಂದೆ ಬಂದರು. ಮುಚ್ಚಳ ಬಿಚ್ಚಿದಾಗ ಒಂದು ತಡೆಯ ಸ್ಪ್ರಿಂಗು ಎರಡು ತುಂಡಾಗಿ ಬಿದ್ದಿತ್ತು. ಇನ್ನೊಂದರ ಸ್ಪ್ರಿಂಗು ತುಕ್ಕು ಹಿಡಿದು ಬಿರುಕು ಬಿಟ್ಟಿತ್ತು, ಅದು ಮುರಿಯಲು ಇನ್ನೊಂದಷ್ಟು ಸಲ ಹಿಡಿ ಆಡಿಸಿದ್ದರೆ ಸಾಕಿತ್ತು.

ಮಧ್ಯಾಹ್ನದೊಳಗೆ ಮೇಸ್ತ್ರಿ ಇಪ್ಪತ್ತಮೂರಕ್ಕೂ ಕೆಂಪು ಚೀಟಿ ಕಟ್ಟಿದರು. ಇಪ್ಪತ್ತನಾಲ್ಕನೆಯದನ್ನು ಬರೆದು, ದೋಷ ಎಂಬ ಕಡೆ "ಕಿವಿ" ಎಂದು ತುಂಬಿಸಿ, ತಮ್ಮ ಕೋಣೆಯ ಬಾಗಿಲಿಗೇ ಕಟ್ಟಿ ಕೀಲಿ ಹಾಕಿದರು. ಸ್ಟೋರ್ ಕೀಪರ್ ಅದನ್ನು ಬಿಚ್ಚಿಕೊಂಡು ಬಂದ. ಈ ಚೀಟಿಗೆ ನಂಬರಿಲ್ಲ, ನಂಬರಿಲ್ಲದ್ದು ರಿಜಿಸ್ಟರಿಗೆ ಹತ್ತುವುದಿಲ್ಲ ಎಂದು ಅವನ ವಾದ. ಮ್ಯಾನೇಜರು ಮೇಸ್ತ್ರಿಯನ್ನು ಒಳಗೆ ಕರೆದು, ಎದುರಿಗೆ ಕೂರಿಸಿಕೊಂಡು, ನಿಜವಾದ ದುಃಖದಿಂದ ಹೇಳಿದರು:

"ಒಂದು ವರ್ಷದಿಂದ ಎಲ್ಲಾ ಎಷ್ಟು ಚೆನ್ನಾಗಿ ನಡೀತಿತ್ತಲ್ಲ ಮೇಸ್ತ್ರಿ."

ಕಡೆಗೆ ಕಂಪನಿ ಅವರನ್ನು ಗೇಟಿಗೆ ಕಳಿಸಲಿಲ್ಲ. ಔದಾರ್ಯವೇನೂ ಅಲ್ಲ, ಆ ಕೋಣೆಯ ಕೆಲಸ ಬೇರೆ ಯಾರಿಗೂ ಬರುತ್ತಿರಲಿಲ್ಲ. ಆದರೆ ಎರಡು ಷರತ್ತು ಬಿದ್ದವು. ಡಾಕ್ಟರು ಹೇಳಿದ ಮೆಷಿನ್ನು ಹಾಕಿಕೊಳ್ಳಬೇಕು, ಮತ್ತು ಪ್ರತಿ ಚೀಟಿಯ ಮೇಲೂ ಇನ್ನೊಬ್ಬರ ರುಜು ಬೇಕು. ಇನ್ನೊಬ್ಬ ಯಾರು ಎಂದಾಗ ಅಳಿಯ ಕೈ ಎತ್ತಿದ. ಮಾವನ ಮೇಲಿನ ಪ್ರೀತಿಗೋ ಅಪನಂಬಿಕೆಗೋ ಎಂದು ಯಾರೂ ಕೇಳಲಿಲ್ಲ.

ಮೆಷಿನ್ನು ಹಾಕಿಕೊಂಡ ದಿನ ನಲ್ಲಿ ತೊಟ್ಟಿಕ್ಕುವುದು, ತಮ್ಮದೇ ಬೂಟು ಕಿರುಗುಟ್ಟುವುದು, ಪಕ್ಕದ ಮನೆಯವನ ಸೀನು ಎಲ್ಲ ಒಟ್ಟಿಗೆ ಮೇಲೆ ಬಿದ್ದವು. ಇನ್ನು ಮೇಲೆ ಮೆಲ್ಲಗೆ ಬೈಕೊಳ್ಳೋಕೂ ಆಗಲ್ಲ ನನಗೆ ಎಂದು ಹೆಂಡತಿ ಅಡುಗೆಮನೆಯಲ್ಲಿ ಗೊಣಗಿದ್ದು ಸ್ಪಷ್ಟವಾಗಿ ಕೇಳಿಸಿತು. ಪ್ರಶಸ್ತಿ ಪತ್ರವನ್ನು ಇಳಿಸು ಎಂದು ಮೇಸ್ತ್ರಿ ಕೇಳಿಕೊಂಡರು. ಮೊಳೆ ಹೊಡೆದಾಗಿದೆ, ಇರಲಿ ಬಿಡಿ ಎಂದು ಆಕೆ ಇಳಿಸಲಿಲ್ಲ.

ಕೆಲಸಕ್ಕೆ ಮರಳಿದ ದಿನ ಅವರು ಮೊದಲು ಗ್ರೈಂಡರಿನವರ ಕಿವಿಗಳನ್ನೆಲ್ಲ ಬಗ್ಗಿ ಬಗ್ಗಿ ನೋಡಿ, ಬಿರಡೆಯಿಲ್ಲದ ಇಬ್ಬರನ್ನು ಹೊರಗೆ ಕಳಿಸಿದರು. ತಮಗೂ ಒಂದು ಜೊತೆ ದಪ್ಪನೆಯ ಕಿವಿಗವಸು ತರಿಸಿಕೊಂಡಿದ್ದರು. ಕೋಣೆಗೆ ಬಂದು, ಹೊಸ ಸ್ಪ್ರಿಂಗು ಹಾಕಿದ ಹನ್ನೊಂದನ್ನು ಕಿವಿಯ ಹತ್ತಿರ ಹಿಡಿದರು. ಟಿಕ್-ಟಕ್. ಎರಡು ವರ್ಷದ ಮೇಲೆ. ಕಣ್ಣು ಮುಚ್ಚಿಕೊಂಡು ಬೇಕಾದ್ದಕ್ಕಿಂತ ಹೆಚ್ಚು ಹೊತ್ತೇ ಹಿಡಿ ಆಡಿಸಿದರು, ಹೆಬ್ಬೆರಳನ್ನೂ ಡಬ್ಬಿಯ ಮೇಲಿಂದ ತೆಗೆಯಲಿಲ್ಲ.

ಅಷ್ಟು ಹೊತ್ತಿಗೆ ಅಳಿಯ ನಾಲ್ಕನೇ ನಂಬರು ಕೇಳಿಕೊಂಡು ಬಂದ. ಅರ್ಜೆಂಟು ಕೆಲಸ, ಭಾರವೂ ಹೆಚ್ಚಿಲ್ಲ, ರುಜು ತಾನು ಆಗಲೇ ಹಾಕಿದ್ದೇನೆ ಎಂದ. ಮೇಸ್ತ್ರಿ ಕೊಕ್ಕೆಯ ಬಾಯಿಗೆ ಅಳತೆ ಹಿಡಿದರು. ಮಿತಿಗಿಂತ ಅರ್ಧ ಮಿಲಿಮೀಟರು ಹೆಚ್ಚು ತೆರೆದಿತ್ತು. ಅವರು ಹಸಿರು ಚೀಟಿಯನ್ನು ಬದಿಗಿಟ್ಟು ಕೆಂಪು ಚೀಟಿ ತೆಗೆದರು. ಅಳಿಯ ಒಂದು ಸಲ ಚೀಟಿ ನೋಡಿದ, ಒಂದು ಸಲ ಮೇಸ್ತ್ರಿಯನ್ನು ನೋಡಿದ, ವಾದ ಮಾಡದೆ ಬೆನ್ನು ತಿರುಗಿಸಿದ. ನಾಲ್ಕು ಹೆಜ್ಜೆ ಹೋದ ಮೇಲೆ, ತನ್ನಷ್ಟಕ್ಕೆ ಅಂದುಕೊಂಡ:

"ಶುರುವಾಯ್ತಪ್ಪ, ನಮ್ಮ ಮಾವನ ಕೊಕ್ಕೆ."

ಒಂದು ಅಕ್ಷರವೂ ಬಿಡದೆ ಕೇಳಿಸಿತು. ಹತ್ತು ಬೆರಳೂ ಇದ್ದ ಎರಡು ಕೈಗಳನ್ನು ಬೀಸಿಕೊಂಡು ಅಳಿಯ ಹೋಗುತ್ತಿದ್ದ. ಮೇಸ್ತ್ರಿ ಕೇಳಿಸದವರಂತೆ ಕೂತು ನಾಲ್ಕನೇ ನಂಬರಿಗೆ ಚೀಟಿ ಕಟ್ಟಿದರು.